ಎಲ್ಡನ್ ರಿಂಗ್: ಮೊದಲ ಪಾತ್ರಕ್ಕೆ ಆಯುಷ್ಯ ಕೊಡಿ

ತುಮಕೂರಿನ ನಮ್ಮ ಗೇಮಿಂಗ್ ಕೇಂದ್ರಕ್ಕೆ ಎಲ್ಡನ್ ರಿಂಗ್ ಆಡಲೆಂದು ಹೊಸದಾಗಿ ಬರುವವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳುತ್ತಾರೆ: "ಅಣ್ಣ, ಯಾವ ಬಿಲ್ಡ್ ತೆಗೆದುಕೊಂಡರೆ ಬಾಸ್‌ಗಳು ಬೇಗ ಸಾಯುತ್ತವೆ?" ಬಿಲ್ಡ್ ಎಂದರೆ ಪಾತ್ರದ ಗುಣ, ಆಯುಧಗಳ ಜೋಡಣೆ; ಬಾಸ್ ಎಂದರೆ ದಾರಿ ಕಾಯುವ ದೊಡ್ಡ ಶತ್ರು. ಅವರ ಫೋನಿನಲ್ಲಿ ಆಗಲೇ ಒಂದು ವಿಡಿಯೊ ಇರುತ್ತದೆ. ಅದರಲ್ಲಿ ಯಾರೋ ಒಬ್ಬರು ಎರಡೇ ಏಟಿಗೆ ದೈತ್ಯನನ್ನು ಕೆಡವುತ್ತಿರುತ್ತಾರೆ. ಆ ವಿಡಿಯೊ ಮಾಡಿದವರಿಗೆ ಆ ದೈತ್ಯನ ಪ್ರತಿಯೊಂದು ಏಟೂ ಬಾಯಿಪಾಠ. ಹೊಸಬರಿಗೆ ಅದಿನ್ನೂ ಗೊತ್ತಿಲ್ಲ. ಹಾಗಾಗಿ ನಾನು ಅವರಿಗೆ ಶತ್ರುವನ್ನು ಬೇಗ ಕೊಲ್ಲುವ ಪಾತ್ರವನ್ನು ಸೂಚಿಸುವುದಿಲ್ಲ. ಶತ್ರುವನ್ನು ನೋಡಿ ಕಲಿಯುವಷ್ಟು ಹೊತ್ತು ಬದುಕಿ ಉಳಿಯುವ ಪಾತ್ರವನ್ನು ಸೂಚಿಸುತ್ತೇನೆ.

ಈ ಆಟ ಬಿಡುಗಡೆಯಾದದ್ದು 2022ರ ಫೆಬ್ರುವರಿ 25ರಂದು. ತಯಾರಿಸಿದವರು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು. ಆರಂಭದಲ್ಲಿ ಹತ್ತು ವರ್ಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆ ತೆರೆಯ ಮುಂದೆ ಹೊಸಬರು ಕಾಲು ಗಂಟೆ ಕೂತು ತಲೆ ಕೆಡಿಸಿಕೊಳ್ಳುವುದನ್ನು ದಿನವೂ ನೋಡುತ್ತೇನೆ. ಅವರ ಆತಂಕ ಕಳೆಯಲು ಒಂದು ಲೆಕ್ಕ ತೋರಿಸುತ್ತೇನೆ. ಯಾವುದೇ ವರ್ಗದ ಎಂಟು ಗುಣಗಳ ಅಂಕಗಳನ್ನು ಕೂಡಿ, ಅದರಿಂದ ಆ ವರ್ಗದ ಆರಂಭದ ಲೆವೆಲ್ ಕಳೆಯಿರಿ. ಲೆವೆಲ್ 9ರಲ್ಲಿ ಶುರುವಾಗುವ ವ್ಯಾಗಬಾಂಡ್‌ನ ಮೊತ್ತ 88, ಉಳಿಯುವುದು 79. ಲೆವೆಲ್ 6ರ ಆಸ್ಟ್ರಾಲಜರ್‌ನ ಮೊತ್ತ 85, ಉಳಿಯುವುದು 79. ಲೆವೆಲ್ 1ರ ರೆಚ್ ಎಂಬ ಬರಿಮೈಯ ಪಾತ್ರಕ್ಕೆ ಎಂಟೂ ಗುಣಗಳಲ್ಲಿ ಹತ್ತು ಹತ್ತು, ಅಲ್ಲೂ ಉಳಿಯುವುದು 79. ಹತ್ತೂ ವರ್ಗಗಳಿಗೆ ಕೊಟ್ಟ ಬಂಡವಾಳ ಒಂದೇ, ಹಂಚಿಕೆ ಮಾತ್ರ ಬೇರೆ. ಒಂದು ಲೆವೆಲ್ ಏರಿದರೆ ಒಂದು ಗುಣಕ್ಕೆ ಒಂದು ಅಂಕ, ಅಷ್ಟೇ. ಕತ್ತಿ ಹಿಡಿದು ಶುರು ಮಾಡಿದವರು ಮುಂದೆ ಮಂತ್ರವಾದಿಯಾಗುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಇನ್ನು ವಿಗರ್ ಎಂಬ ಗುಣ. ತೆರೆಯ ಮೇಲಿನ ಕೆಂಪು ಪಟ್ಟಿಯ ಉದ್ದವನ್ನು ನಿರ್ಧರಿಸುವುದು ಇದು, ಅಂದರೆ ಪಾತ್ರದ ಪ್ರಾಣ. ಹೊಸಬರು ಅತಿ ಹೆಚ್ಚು ಕಡೆಗಣಿಸುವ ಗುಣವೂ ಇದೇ. ವಿಗರ್ 25 ಇದ್ದಾಗ ಪ್ರಾಣದ ಅಂಕ 800. 40ಕ್ಕೆ ಏರಿಸಿದರೆ 1,450. ಹದಿನೈದು ಲೆವೆಲ್‌ಗೆ 650 ಅಂಕ ಸಿಗುತ್ತದೆ, ಇಡೀ ಆಟದಲ್ಲಿ ಇದಕ್ಕಿಂತ ಲಾಭದ ಹೂಡಿಕೆ ನನಗೆ ಕಂಡಿಲ್ಲ. 60ರಲ್ಲಿ 1,900 ಆಗುತ್ತದೆ. ಅಲ್ಲಿಂದಾಚೆಗೆ 99ರವರೆಗೆ ಮೂವತ್ತೊಂಬತ್ತು ಲೆವೆಲ್ ಸುರಿದರೂ ಬರುವುದು ಬರೀ 200. ಆದ್ದರಿಂದ 40ರವರೆಗೆ ಕಣ್ಣು ಮುಚ್ಚಿ ಏರಿಸಿ, 60ರವರೆಗೆ ನಿಧಾನವಾಗಿ ಹೋಗಿ, ಅಲ್ಲಿಗೆ ನಿಲ್ಲಿಸಿ.

ಹೀಗೆ ಹೇಳಿದರೆ ಕೆಲವರ ಮುಖ ಸಪ್ಪಗಾಗುತ್ತದೆ, ಏಕೆಂದರೆ ಪ್ರಾಣ ಏರಿಸಿದ್ದು ವಿಡಿಯೊದಲ್ಲಿ ಕಾಣುವುದಿಲ್ಲ. ಆದರೆ ಒಂದೇ ಏಟಿಗೆ ಸತ್ತವನು ಆ ಏಟಿನಿಂದ ಏನನ್ನೂ ಕಲಿಯುವುದಿಲ್ಲ. ಮೂರು ಏಟು ತಾಳಿಕೊಂಡವನಿಗೆ, ಮೂರನೆಯದು ಎಡಗಡೆಯಿಂದ ತಡವಾಗಿ ಬಂತು ಎಂಬುದು ಕಣ್ಣಿಗೆ ಬಿದ್ದಿರುತ್ತದೆ.

ನಮ್ಮಲ್ಲಿ ಆಡುವವರ ಪರಿಸ್ಥಿತಿಯನ್ನೂ ಗಮನಿಸಬೇಕು. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ಬರುವ ಹುಡುಗರಿದ್ದಾರೆ, ತರಗತಿಗಳ ನಡುವಿನ ಬಿಡುವಿನಲ್ಲಿ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ, ಬೆಂಗಳೂರಿನ ಕೆಲಸ ಮುಗಿಸಿ ಸಂಜೆಯ ರೈಲು ಇಳಿದು ನೇರವಾಗಿ ಇಲ್ಲಿಗೇ ಬರುವವರಿದ್ದಾರೆ. ಎಲ್ಲರೂ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುವವರು. ಹೋದ ವಾರ ಕಲಿತ ಕೈಚಳಕ ಈ ವಾರಕ್ಕೆ ಅರ್ಧ ಮರೆತಿರುತ್ತದೆ. ಮೇಲಾಗಿ ಈ ಆಟಕ್ಕೆ ಸಾಮಾನ್ಯ ಆಟಗಳಂತೆ ನಿಲ್ಲಿಸುವ ಗುಂಡಿ ಇಲ್ಲ. ಮೆನು ತೆರೆದರೂ ಶತ್ರು ನಡೆದು ಬರುತ್ತಲೇ ಇರುತ್ತಾನೆ. ಮನೆಯಿಂದ ಅಮ್ಮನ ಕರೆ ಬಂದರೆ ಮುಖ್ಯ ಮೆನುವಿಗೆ ಹೊರಟುಬಿಡಿ, ಆಟ ತಾನಾಗಿಯೇ ಉಳಿತಾಯವಾಗಿರುತ್ತದೆ. ಬಿಡುವು ಬಿಡುವಾಗಿ ಆಡುವ ಇಂಥವರಿಗೆ ಸೂಕ್ಷ್ಮ ಲೆಕ್ಕಾಚಾರದ ಬಿಲ್ಡ್ ಒಗ್ಗುವುದಿಲ್ಲ. ಎಡವಿದರೂ ಎದ್ದು ನಿಲ್ಲುವಂಥದ್ದು ಬೇಕು.

ನಾನು ಸೂಚಿಸುವುದು ವ್ಯಾಗಬಾಂಡ್. ಆರಂಭದಲ್ಲೇ ವಿಗರ್ 15, ಹತ್ತು ವರ್ಗಗಳಲ್ಲಿ ಇದೇ ಅತಿ ಹೆಚ್ಚು. ತೋಳ್ಬಲದ ಗುಣವಾದ ಸ್ಟ್ರೆಂತ್ 14, ಕೈಚುರುಕಿನ ಡೆಕ್ಸ್‌ಟೆರಿಟಿ 13, ಹಾಗಾಗಿ ಆಟದ ಮೊದಲ ಭಾಗದಲ್ಲಿ ಸಿಗುವ ಸಾಕಷ್ಟು ಆಯುಧಗಳು ಕೈಗೆ ಹತ್ತುತ್ತವೆ. ಉದ್ದ ಕತ್ತಿ, ಹ್ಯಾಲ್ಬರ್ಡ್ ಎಂಬ ಕೊಡಲಿ ಮೊನೆಯ ಈಟಿ, ಮೈತುಂಬ ಕವಚ ಎಲ್ಲವೂ ಇವೆ. ಎಲ್ಲಕ್ಕಿಂತ ಮುಖ್ಯವಾದದ್ದು ಎಡಗೈಯ ಹೀಟರ್ ಶೀಲ್ಡ್. ಕತ್ತಿ, ದೊಣ್ಣೆ, ಬಾಣಗಳಂಥ ಭೌತಿಕ ಏಟನ್ನು ಆ ಗುರಾಣಿ ನೂರಕ್ಕೆ ನೂರು ತಡೆಯುತ್ತದೆ. ಪ್ರಾಣ ಕಿಂಚಿತ್ತೂ ಇಳಿಯದೆ ಹಸಿರು ಪಟ್ಟಿಯ ಸ್ಟಾಮಿನಾ, ಅಂದರೆ ದಮ್ಮು, ಮಾತ್ರ ಇಳಿಯುತ್ತದೆ. ಬೆಂಕಿ, ಮಂತ್ರಗಳ ಏಟು ಸ್ವಲ್ಪ ಒಳಬರುತ್ತದೆ ಎಂಬುದು ನೆನಪಿರಲಿ.

ಗುರಾಣಿ ಹಿಡಿಯುವುದು ಹೇಡಿತನ ಎಂಬ ಮಾತು ಈ ಆಟದ ಹಳಬರಲ್ಲಿ ಇದೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಆಟವನ್ನು ಮಾಡಿದವರೇ ಗುರಾಣಿಗೆಂದು ಗಾರ್ಡ್ ಕೌಂಟರ್ ಎಂಬ ಪಟ್ಟನ್ನು ಸೇರಿಸಿದ್ದಾರೆ. ಏಟನ್ನು ಗುರಾಣಿಯಲ್ಲಿ ತಡೆದ ಮರುಕ್ಷಣ ಆರ್2 ಗುಂಡಿ ಒತ್ತಿದರೆ ಪಾತ್ರ ಭಾರಿ ಏಟೊಂದನ್ನು ತಿರುಗಿ ಕೊಡುತ್ತದೆ. ಸಾಮಾನ್ಯ ಸೈನಿಕರು ಒಂದೆರಡು ಕೌಂಟರ್‌ಗೇ ತತ್ತರಿಸಿ ಮಂಡಿಯೂರುತ್ತಾರೆ, ಆಗ ಮುಂದೆ ಹೋಗಿ ಆರ್1 ಒತ್ತಿದರೆ ದೊಡ್ಡ ಇರಿತ. ತಡೆ, ತಿರುಗಿ ಹೊಡೆ, ಹಿಂದೆ ಸರಿ, ಗುರಾಣಿ ಇಳಿಸಿ ಸ್ಟಾಮಿನಾ ತುಂಬಲು ಬಿಡು. ಈ ಲಯ ಕೈಗೆ ಬಂದರೆ ಲಿಮ್‌ಗ್ರೇವ್ ಎಂಬ ಮೊದಲ ಪ್ರದೇಶದ ಬಹುಪಾಲು ಕಾಳಗ ನಿಮ್ಮ ಹಿಡಿತಕ್ಕೆ ಸಿಗುತ್ತದೆ. ಗುರಾಣಿಯನ್ನು ಸದಾ ಎತ್ತಿ ಹಿಡಿದೇ ಓಡಾಡುವುದು ಮಾತ್ರ ಬೇಡ, ಹಾಗೆ ಹಿಡಿದಿದ್ದಾಗ ಸ್ಟಾಮಿನಾ ನಿಧಾನವಾಗಿ ತುಂಬುತ್ತದೆ. ಇವೆಲ್ಲದರ ಪಾಠ ಆಟದ ಆರಂಭದ ಗುಹೆಯಲ್ಲೇ ಇದೆ. ಕುರ್ಚಿಯಲ್ಲಿ ಕೂತ ಪ್ರೇತದ ಪಕ್ಕದ ಹಳ್ಳಕ್ಕೆ ಧುಮುಕಿದರೆ ಆ ಗುಹೆ ಸಿಗುತ್ತದೆ. ಬಹಳ ಜನ ಅದನ್ನು ನೋಡದೆ ಮುಂದೆ ಹೋಗಿಬಿಡುತ್ತಾರೆ.

ಆಯುಧದ ವಿಷಯಕ್ಕೆ ಬರೋಣ. ಲಿಮ್‌ಗ್ರೇವ್‌ನ ಗೇಟ್‌ಫ್ರಂಟ್ ಅವಶೇಷಗಳ ಬಳಿ ನಿಂತಿರುವ ಬಂಡಿಗಳ ಪೆಟ್ಟಿಗೆಯೊಂದರಲ್ಲಿ ಲಾರ್ಡ್‌ಸ್ವರ್ನ್ಸ್ ಗ್ರೇಟ್‌ಸ್ವರ್ಡ್ ಎಂಬ ಹಿರಿಗತ್ತಿ ಇದೆ. ಅದಕ್ಕೆ ಸ್ಟ್ರೆಂತ್ 16 ಬೇಕು, ವ್ಯಾಗಬಾಂಡ್‌ಗೆ ಇರುವುದು 14. ಆದರೂ ತೊಂದರೆಯಿಲ್ಲ. ಕತ್ತಿಯನ್ನು ಎರಡೂ ಕೈಗಳಲ್ಲಿ ಹಿಡಿದರೆ ಸ್ಟ್ರೆಂತ್ ಒಂದೂವರೆ ಪಟ್ಟು ಎಂದು ಲೆಕ್ಕ, 14 ಎಂಬುದು 21 ಆಗುತ್ತದೆ. ಪ್ಲೇಸ್ಟೇಷನ್‌ನಲ್ಲಿ ತ್ರಿಕೋನದ ಗುಂಡಿ ಹಿಡಿದು ಆರ್1 ಒತ್ತಿದರೆ ಎರಡು ಕೈಯ ಹಿಡಿತ ಬರುತ್ತದೆ. ಅದೇ ಅವಶೇಷಗಳ ನೆಲಮಾಳಿಗೆಯಲ್ಲಿ ವೆಟ್‌ಸ್ಟೋನ್ ನೈಫ್ ಎಂಬ ಸಾಣೆ ಚಾಕು ಇದೆ, ಅದನ್ನೂ ಬಿಡಬೇಡಿ. ಆಯುಧಕ್ಕೆ ಹೊಸ ವಿದ್ಯೆ ಕೂಡಿಸಲು ಅದು ಬೇಕೇ ಬೇಕು.

ಕತ್ತಿಯ ಬಲ ಹೆಚ್ಚಬೇಕೆಂದು ಬಂದ ಅಂಕವನ್ನೆಲ್ಲ ಸ್ಟ್ರೆಂತ್‌ಗೆ ಸುರಿಯುವವರನ್ನು ತಡೆದು ನಿಲ್ಲಿಸುವುದೇ ನನ್ನ ಕೆಲಸವಾಗಿದೆ. ಆಟದ ಮೊದಲ ಭಾಗದಲ್ಲಿ ಬಲ ಬರುವುದು ಕತ್ತಿಯನ್ನು ಹದಗೊಳಿಸುವುದರಿಂದ. ಚರ್ಚ್ ಆಫ್ ಎಲೆಯಲ್ಲಿರುವ ಅಡಿಗಲ್ಲಿನ ಬಳಿ ಸ್ಮಿತಿಂಗ್ ಸ್ಟೋನ್ ಕೊಟ್ಟು ಆಯುಧವನ್ನು ಮೂರು ಮೆಟ್ಟಿಲು ಏರಿಸಬಹುದು. ಎರಡು, ನಾಲ್ಕು, ಆರು, ಒಟ್ಟು ಹನ್ನೆರಡು ಕಲ್ಲು ಸಾಕು. ಅಗೀಲ್ ಕೆರೆಯ ಉತ್ತರಕ್ಕಿರುವ ಲಿಮ್‌ಗ್ರೇವ್ ಸುರಂಗದ ಗೋಡೆಗಳಲ್ಲಿ ಈ ಕಲ್ಲುಗಳು ಧಾರಾಳವಾಗಿ ಸಿಗುತ್ತವೆ. ಆ ಮೂರು ಮೆಟ್ಟಿಲು ಕೊಡುವ ಬಲವನ್ನು ಸ್ಟ್ರೆಂತ್‌ನ ಮೂರ್ನಾಲ್ಕು ಅಂಕ ಕೊಡಲಾರದು.

ಭಾರದ ಬಗ್ಗೆಯೂ ಒಂದು ಮಾತು. ಹೊತ್ತ ಭಾರ ಮಿತಿಯ ಶೇ. 70 ದಾಟಿದರೆ ಉರುಳಿ ತಪ್ಪಿಸಿಕೊಳ್ಳುವ ರೋಲ್ ಮಂದವಾಗುತ್ತದೆ. ಮಧುಗಿರಿ ಬೆಟ್ಟ ಹತ್ತುವವರು ಬೇಡದ ಗಂಟನ್ನು ಕೆಳಗೇ ಬಿಟ್ಟು ಹೋಗುವಂತೆ, ಹಿರಿಗತ್ತಿ ಕೈಗೆ ಬಂದಾಗ ಹ್ಯಾಲ್ಬರ್ಡನ್ನು ಕೈಯಿಂದ ತೆಗೆದಿಡಿ. ಶೇ. 30ಕ್ಕಿಂತ ಕೆಳಗಿಳಿಯಬೇಕೆಂದು ಕವಚ ಕಳಚುವುದು ಹೊಸಬರಿಗೆ ಬೇಡ, ಮಧ್ಯಮ ಭಾರವೇ ಸಾಕು.

ಈಗ ಆಸ್ಟ್ರಾಲಜರ್. ಹೊಸಬರಿಗೆ ಇದೇ ಸುಲಭ ಎಂದು ಎಷ್ಟೋ ಕಡೆ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊದಲ ಕೆಲವು ಗಂಟೆ ಅವರ ಮಾತು ನಿಜವೆನಿಸುತ್ತದೆ. ಗ್ಲಿಂಟ್‌ಸ್ಟೋನ್ ಪೆಬಲ್ ಎಂಬ ನೀಲಿ ಹರಳನ್ನು ದೂರದಿಂದಲೇ ಎಸೆಯುತ್ತಾ ಹೋದರೆ ಸೈನಿಕರು ಹತ್ತಿರ ಬರುವ ಮೊದಲೇ ಬೀಳುತ್ತಾರೆ. ಆದರೆ ಈ ವರ್ಗದ ವಿಗರ್ 9, ಗುರಾಣಿ ಮರದ್ದು. ಸ್ಟಾರ್ಮ್‌ವೇಲ್ ಕೋಟೆಯ ಸೇತುವೆಯ ಮೇಲೆ ದಾರಿಗೆ ಅಡ್ಡ ನಿಂತಿರುವ ಮಾರ್ಗಿಟ್ ಎಂಬ ಬಾಸ್ ಆ ದೂರವನ್ನು ಒಂದೇ ನೆಗೆತಕ್ಕೆ ದಾಟುತ್ತಾನೆ. ಅಲ್ಲಿಯವರೆಗೆ ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುವ ಅಗತ್ಯವೇ ಬಾರದ ಆಟಗಾರ ಆಗ ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ, ಅದೂ ಅತಿ ತೆಳುವಾದ ಪ್ರಾಣದೊಂದಿಗೆ. ನಮ್ಮಲ್ಲಿ ಆಟವನ್ನು ಅರ್ಧಕ್ಕೇ ಬಿಟ್ಟುಹೋದವರಲ್ಲಿ ಹೆಚ್ಚಿನವರು ಇದೇ ಸೇತುವೆಯ ಮೇಲೆ ಬಿಟ್ಟವರು. ಕೇಲಿಡ್ ಎಂಬ ಪ್ರದೇಶದ ಜೌಗಿನ ನಡುವೆ ಇರುವ ಮೀಟಿಯರೈಟ್ ಸ್ಟಾಫ್ ಎಂಬ ಬಲವಾದ ದಂಡವನ್ನು ಕುದುರೆಯಲ್ಲಿ ಓಡಿಹೋಗಿ ಮೊದಲೇ ತಂದುಬಿಡಿ ಎಂಬ ಸಲಹೆಯೂ ಇದೆ. ತರಬಹುದು, ಮಂತ್ರಕ್ಕೆ ಬೇಕಾದ ಇಂಟಲಿಜೆನ್ಸ್ ಗುಣ 18 ಇದ್ದರೆ ಬಳಸಲೂಬಹುದು. ಆದರೆ ಅದರಿಂದ ಮಂತ್ರದ ಬಲ ಹೆಚ್ಚುತ್ತದೆಯೇ ಹೊರತು ಕಲಿಕೆಯ ಅವಧಿ ಹೆಚ್ಚುವುದಿಲ್ಲ. ಮಂತ್ರವೇ ನಿಮಗೆ ಇಷ್ಟವಾದರೆ ಖಂಡಿತ ಆಡಿ, ಮೊದಲ ಆರು ಅಂಕ ಮಾತ್ರ ಇಂಟಲಿಜೆನ್ಸ್‌ಗಲ್ಲ, ವಿಗರ್‌ಗೆ.

ಸಮುರಾಯ್ ಒಳ್ಳೆಯ ಆಯ್ಕೆ, ನನ್ನ ಪಟ್ಟಿಯಲ್ಲಿ ಎರಡನೆಯದು. ಉಚಿಗತಾನ ಕತ್ತಿಯ ಏಟಿಗೆ ಶತ್ರುವಿನ ರಕ್ತಸ್ರಾವ ತುಂಬುತ್ತಾ ಹೋಗಿ ಒಮ್ಮೆಲೇ ದೊಡ್ಡ ಹಾನಿಯಾಗುತ್ತದೆ, ಜೊತೆಗೆ ಉದ್ದ ಬಿಲ್ಲು ಇದೆ. ಬೇರೆ ಆ್ಯಕ್ಷನ್ ಆಟಗಳಲ್ಲಿ ರೋಲ್ ಮಾಡಿ ಅಭ್ಯಾಸವಿರುವವರಿಗೆ ಇದು ಹಿಡಿಸುತ್ತದೆ. ಹೀರೋ ವರ್ಗ ಭಾರಿ ಆಯುಧ ಪ್ರಿಯರಿಗೆ, ವಿಗರ್ ಕೂಡ 14 ಇದೆ. ಕನ್‌ಫೆಸರ್ ಕತ್ತಿಯ ಜೊತೆ ಪ್ರಾರ್ಥನೆಯ ವಿದ್ಯೆಯೂ ಬೇಕೆನ್ನುವವರಿಗೆ. ಉಳಿದ ವರ್ಗಗಳನ್ನು ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ಗೇಟ್‌ಫ್ರಂಟ್‌ನ ಗ್ರೇಸ್ ಎಂಬ ವಿಶ್ರಾಂತಿ ದೀಪದ ಬಳಿ ಕುಳಿತರೆ ಮೆಲಿನಾ ಎಂಬವಳು ಬಂದು ಲೆವೆಲ್ ಏರಿಸುವ ಶಕ್ತಿಯನ್ನೂ ಟಾರೆಂಟ್ ಎಂಬ ಕುದುರೆಯನ್ನೂ ಕೊಡುತ್ತಾಳೆ. ಅಲ್ಲಿಂದ ಮಾರ್ಗಿಟ್‌ವರೆಗೆ ನನ್ನ ಹಂಚಿಕೆ ಹೀಗೆ: ಮೊದಲು ವಿಗರ್ 20, ಆಮೇಲೆ ಸ್ಟ್ರೆಂತ್ 16, ಬಳಿಕ ಸ್ಟಾಮಿನಾವನ್ನೂ ಭಾರದ ಮಿತಿಯನ್ನೂ ಏರಿಸುವ ಎಂಡ್ಯೂರೆನ್ಸ್‌ಗೆ ಎರಡು ಮೂರು ಅಂಕ. ಕುದುರೆ ಸಿಕ್ಕ ಮೇಲೆ ಚರ್ಚ್ ಆಫ್ ಎಲೆಗೆ ಮರಳಿ ಹೋದರೆ ರೆನ್ನಾ ಎಂಬ ಮಾಟಗಾತಿ ಒಂದು ಗಂಟೆಯನ್ನೂ ಮೂರು ತೋಳಗಳನ್ನು ಕರೆಯುವ ಬೂದಿಯನ್ನೂ ಕೊಡುತ್ತಾಳೆ. ಮಾರ್ಗಿಟ್ ಎದುರು ಈ ತೋಳಗಳನ್ನು ಬಿಡಿ, ಸಂಕೋಚ ಬೇಡ. ಅವು ಅವನ ಗಮನ ಸೆಳೆದಷ್ಟು ಹೊತ್ತು ನೀವು ಅವನ ಕೋಲನ್ನು ನೋಡಿ. ಎತ್ತಿದ ಕೋಲನ್ನು ಅವನು ಬೇಕೆಂದೇ ಗಾಳಿಯಲ್ಲಿ ತಡೆದು ಹಿಡಿಯುತ್ತಾನೆ, ಎತ್ತಿದ ತಕ್ಷಣ ಉರುಳಿದವರಿಗೆ ಏಟು ಖಚಿತ. ಕೋಲು ಇಳಿಯಲು ಶುರುವಾದಾಗ ಉರುಳಬೇಕು.

ಇಷ್ಟಾದ ಮೇಲೂ ಪಾತ್ರ ಬೇಸರ ತರಿಸಿದರೆ ಹೊಸದಾಗಿ ಶುರು ಮಾಡಬೇಕಿಲ್ಲ. ರಾಯಾ ಲೂಕೇರಿಯಾ ವಿದ್ಯಾಲಯದಲ್ಲಿ ರೆನಾಲಾಳನ್ನು ಗೆದ್ದ ಬಳಿಕ ಅವಳೇ ಅಂಕಗಳನ್ನು ಮರುಹಂಚಿಕೆ ಮಾಡಿಕೊಡುತ್ತಾಳೆ. ಪ್ರತಿ ಸಲಕ್ಕೂ ಲಾರ್ವಲ್ ಟಿಯರ್ ಎಂಬ ಒಂದು ವಸ್ತು ಬೇಕು. ನಿಮ್ಮ ವರ್ಗದ ಆರಂಭದ ಅಂಕಕ್ಕಿಂತ ಕೆಳಗೆ ಯಾವ ಗುಣವನ್ನೂ ಇಳಿಸಲಾಗದು, ಆದರೆ ವ್ಯಾಗಬಾಂಡ್‌ಗೆ ಅದರಿಂದ ಆಗುವ ನಷ್ಟ ಕೆಲವೇ ಅಂಕಗಳದ್ದು. ಲಿಮ್‌ಗ್ರೇವ್‌ನ ಪೂರ್ವದ ಮಿಸ್ಟ್‌ವುಡ್ ಕಾಡಿನಲ್ಲಿ ಸಿಯೋಫ್ರಾ ನದಿಗೆ ಇಳಿಯುವ ಬಾವಿಯಿದೆ. ಕೆಳಗಿರುವ ಒಂಟಿ ವ್ಯಾಪಾರಿ ಆಟದ ಹಣವಾದ ರೂನ್ 3,000 ಪಡೆದು ಒಂದು ಲಾರ್ವಲ್ ಟಿಯರ್ ಮಾರುತ್ತಾನೆ. ಮಂತ್ರವಾದಿಯಾಗುವ ಆಸೆ ಇರುವವರು ಅದನ್ನು ಕೊಂಡು ಜೋಬಿನಲ್ಲಿಟ್ಟುಕೊಂಡೇ ವಿದ್ಯಾಲಯದ ಮೆಟ್ಟಿಲು ಹತ್ತಿ.