ಒಳಗೆ ಎಷ್ಟು, ಹೊರಗೆ ಎಷ್ಟು: ಆಪರೇಷನ್ ವಾರ್ಡಿನ ನೀರು-ಉಪ್ಪಿನ ಲೆಕ್ಕ

1832. ಸ್ಕಾಟ್ಲೆಂಡಿನ ಲೀತ್ ಊರಲ್ಲಿ ಕಾಲರಾ. ಥಾಮಸ್ ಲಾಟಾ ಎಂಬ ವೈದ್ಯರು ಸಾವಿನಂಚಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸಿನ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಲು ಶುರು ಮಾಡಿದರು. ಮೊದಮೊದಲು ಏನೂ ಆಗಲಿಲ್ಲ. ಬಿಡದೆ ಹಾಕುತ್ತಾ ಹೋದರು. ಆರು ಪಿಂಟ್, ಅಂದರೆ ಮೂರು ಲೀಟರಿಗೂ ಜಾಸ್ತಿ ಒಳಗೆ ಹೋಗುವಷ್ಟರಲ್ಲಿ ಆಕೆ ಗಟ್ಟಿ ದನಿಯಲ್ಲಿ ಮಾತಾಡಿದರು. ಈಗ ಒಂಚೂರು ನಿದ್ದೆ ಬಂದರೆ ಸಾಕು ಅನ್ನುವಷ್ಟು ಗೆಲುವಾಗಿದ್ದರು. ಲಾಟಾ ಆಕೆಯನ್ನು ಆಸ್ಪತ್ರೆಯವರಿಗೆ ಒಪ್ಪಿಸಿ ಹೊರಟರು. ಸ್ವಲ್ಪ ಹೊತ್ತಿಗೆ ವಾಂತಿ-ಭೇದಿ ಮತ್ತೆ ಶುರುವಾಯಿತು. ಲಾಟಾಗೆ ಯಾರೂ ಹೇಳಿ ಕಳಿಸಲಿಲ್ಲ. ಐದೂವರೆ ಗಂಟೆಯಲ್ಲಿ ಆಕೆ ತೀರಿಕೊಂಡರು. ಇನ್ನೊಂದು ಸಲ ಹಾಕಿದ್ದರೆ ಉಳಿಯುತ್ತಿದ್ದರು ಎಂದು ಲಾಟಾ ಆಮೇಲೆ ಬರೆದರು.

ಡ್ರಿಪ್ಪಿನ ಕಥೆ ಹೇಳುವವರು ಸಾಮಾನ್ಯವಾಗಿ ಆಕೆ ಮಾತಾಡಿದಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಅದರ ಮುಂದಿನದೇ ಮುಖ್ಯ ಅನ್ನಿಸುತ್ತದೆ. ಒಳಗೆ ಹಾಕುವುದು ಗೊತ್ತಾಗಿತ್ತು. ಹೊರಗೆ ಹೋಗುತ್ತಿರುವುದನ್ನು ಪಕ್ಕದಲ್ಲಿ ಕೂತು ಅಳೆಯುವವರು ಇರಲಿಲ್ಲ. ಸರ್ಜಿಕಲ್ ವಾರ್ಡಿನಲ್ಲಿ ಇವತ್ತು ನರ್ಸ್ ಮಾಡುವ ಕೆಲಸ ಅದು.

ಬಾಟಲಿಯೊಳಗೆ ಏನಿರಬೇಕು ಅನ್ನುವುದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪುನೀರಲ್ಲಿ ಇಟ್ಟು ಪ್ರಯೋಗ ಮಾಡುತ್ತಿದ್ದರು. ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ನೋಡಿದರೆ ಆ ದ್ರಾವಣ ಮಾಡಿದ್ದು ಶುದ್ಧೀಕರಿಸಿದ ನೀರಲ್ಲಿ ಅಲ್ಲ, ಸುಮ್ನೆ ನಲ್ಲಿ ನೀರಲ್ಲಿ! ನಲ್ಲಿ ನೀರಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸುತ್ತಿತ್ತು. ಬರೀ ಉಪ್ಪು ಸಾಲದು ಅನ್ನುವುದು ಹೀಗೆ ಬಯಲಾಯಿತು. 1932ರಲ್ಲಿ ಅಮೆರಿಕದ ಅಲೆಕ್ಸಿಸ್ ಹಾರ್ಟ್‌ಮನ್ ರಿಂಗರ್ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದರು. ಎಲ್ಲ ವಾರ್ಡುಗಳಲ್ಲೂ ಕಾಣುವ 'ಆರ್‌ಎಲ್' ಅದೇ.

ಇನ್ನು ನಾರ್ಮಲ್ ಸಲೈನ್, ಅಂದರೆ ಬರೀ ಉಪ್ಪು (ಸೋಡಿಯಂ ಕ್ಲೋರೈಡ್) ಕರಗಿಸಿದ ನೀರು. ಆ ಹೆಸರಲ್ಲೇ ಸ್ವಲ್ಪ ಮೋಸ ಇದೆ. ನಮ್ಮ ರಕ್ತದ ಒಂದು ಲೀಟರಲ್ಲಿ ಸೋಡಿಯಂ 135ರಿಂದ 145 ಮಿಲಿಮೋಲ್, ಕ್ಲೋರೈಡ್ ಸುಮಾರು 100. ಸಲೈನಿನಲ್ಲಿ ಎರಡೂ 154. ಬಾಟಲಿ ಮೇಲೆ ಬಾಟಲಿ ಏರಿಸಿದರೆ ಕ್ಲೋರೈಡ್ ಹೆಚ್ಚಾಗಿ ರಕ್ತ ಹುಳಿಯ ಕಡೆ ವಾಲುತ್ತದೆ.

ಏನು ಹಾಕಬೇಕು ಅನ್ನುವುದು ಒಂದು ಹಂತಕ್ಕೆ ಬಂದ ಮೇಲೆ, ಎಷ್ಟು ಹಾಕಬೇಕು ಅನ್ನುವ ಜಗಳ. ಕತ್ತಿ ಬಿದ್ದ ದೇಹ ನೀರನ್ನೂ ಉಪ್ಪನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಕಡಿಮೆ ಕೊಡಿ ಎಂದರು ಬಾಸ್ಟನ್ನಿನ ಸರ್ಜನ್ ಫ್ರಾನ್ಸಿಸ್ ಮೂರ್. ಅಲ್ಲ, ದೊಡ್ಡ ಆಪರೇಷನ್ನಿನಲ್ಲಿ ನೀರು ಊದಿದ ಭಾಗಗಳಿಗೆ ಸೇರಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ, ಅದನ್ನು ತುಂಬಿಕೊಡಿ ಎಂದರು ಇನ್ನೊಬ್ಬ ಸರ್ಜನ್ ಟಾಮ್ ಶೈರ್ಸ್, 1961ರಲ್ಲಿ. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಧಾರಾಳವಾಗಿ ಸುರಿದರು. ಎಷ್ಟೋ ಜನರ ಕಿಡ್ನಿ ಉಳಿಯಿತು, ಆದರೆ ಕೆಲವರ ಶ್ವಾಸಕೋಶ ಕೈಕೊಟ್ಟಿತು. 1967ರಲ್ಲಿ ಮೂರ್ ಮತ್ತು ಶೈರ್ಸ್ ಜೊತೆಗೂಡಿ, ಅತಿ ಮಾಡಬೇಡಿ ಎಂದು ಒಂದು ಸಣ್ಣ ಬರಹ ಬರೆದರು. ಎದುರಾಳಿಗಳು ಒಂದೇ ಕಾಗದಕ್ಕೆ ಸಹಿ ಹಾಕುವುದು ಅಪರೂಪ ಅಲ್ವಾ? ಆದರೂ ಜಗಳ ನಿಲ್ಲಲಿಲ್ಲ. 2018ರಲ್ಲಿ ಸುಮಾರು 3000 ಜನರ ಮೇಲೆ ನಡೆದ ರಿಲೀಫ್ ಅಧ್ಯಯನದಲ್ಲಿ, ಕೈಬಿಗಿ ಮಾಡಿ ಡ್ರಿಪ್ ಕೊಟ್ಟ ರೋಗಿಗಳ ಪೈಕಿ ಶೇ. 8.6 ಮಂದಿಯ ಕಿಡ್ನಿಗೆ ಪೆಟ್ಟು ಬಿತ್ತು. ಧಾರಾಳವಾಗಿ ಕೊಟ್ಟ ಗುಂಪಿನಲ್ಲಿ ಅದು ಶೇ. 5.

ಪ್ರಮಾಣ ಸರಿಯಿದ್ದರೂ ಉಪ್ಪು ಕೈಕೊಡಬಹುದು. ಆಪರೇಷನ್ನಿನ ನೋವು, ವಾಕರಿಕೆಗೆ ನೀರು ಹಿಡಿದಿಡುವ ಹಾರ್ಮೋನ್ ಏರಿರುತ್ತದೆ. ಆಗ ಬರೀ 5% ಡೆಕ್ಸ್ಟ್ರೋಸ್ ಏರಿಸಿದರೆ ಸಕ್ಕರೆಯನ್ನು ದೇಹ ಸುಟ್ಟುಕೊಂಡು, ಉಳಿಯುವುದು ನೀರು ಮಾತ್ರ. ಸೋಡಿಯಂ ಇಳಿಯುತ್ತದೆ, ಮಿದುಳು ಊದುತ್ತದೆ. ಮಾಮೂಲಿ ಆಪರೇಷನ್ನಿಗೆಂದು ಬಂದ 15 ಆರೋಗ್ಯವಂತ ಹೆಂಗಸರು ಹೀಗೆ ಸತ್ತರು ಅಥವಾ ಮಿದುಳಿಗೆ ಶಾಶ್ವತ ಹಾನಿ ಮಾಡಿಕೊಂಡರು ಎಂದು 1986ರಲ್ಲಿ ಅಲೆನ್ ಏರಿಯಫ್ ವರದಿ ಮಾಡಿದರು. ಶುರುವಿನ ಲಕ್ಷಣ ತಲೆನೋವು, ವಾಕರಿಕೆ, ಮಂಕು. ಅರಿವಳಿಕೆ ಇನ್ನೂ ಇಳಿದಿಲ್ಲ ಅಂದುಕೊಂಡು ಬಿಟ್ಟುಬಿಡುವುದು ಬಹಳ ಸುಲಭ. "ಇವರು ಬೆಳಿಗ್ಗೆ ಹೀಗಿರಲಿಲ್ಲ" ಎಂದು ಒಬ್ಬ ಸಿಸ್ಟರ್ ಹೇಳಿದರೆ, ತಕ್ಷಣ ರಕ್ತ ತೆಗೆದು ಸೋಡಿಯಂ ನೋಡಬೇಕು.

ಪೊಟ್ಯಾಸಿಯಂನದು ಬೇರೆ ಥರ. ಮೂಗಿನ ನಳಿಕೆಯಿಂದ ಹೊಟ್ಟೆಯ ರಸ ದಿನಗಟ್ಟಲೆ ಹೊರಬರುತ್ತಿದ್ದರೆ ದೇಹದ ಪೊಟ್ಯಾಸಿಯಂ ಕರಗುತ್ತಾ ಹೋಗುತ್ತದೆ. ಕರುಳು ಚಲಿಸುವುದಿಲ್ಲ, ಹೊಟ್ಟೆ ಉಬ್ಬರ, ಕಾಲಲ್ಲಿ ಶಕ್ತಿ ಇಲ್ಲ. ಹಾಗಂತ ಅವಸರದಲ್ಲಿ ತುಂಬುವ ಹಾಗೂ ಇಲ್ಲ. ಬೆರೆಸದ ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತೇ ಹೋಗುತ್ತದೆ. ಆ ಸಣ್ಣ ಬಾಟಲಿ ನೋಡಲು ಸಲೈನಿನ ಬಾಟಲಿಯಂತೆಯೇ ಇದ್ದು ಕೈತಪ್ಪಿನಿಂದ ಜೀವಗಳು ಹೋಗಿವೆ. 1998ರಲ್ಲಿ ಅಮೆರಿಕದ ಆಸ್ಪತ್ರೆ ಮಾನ್ಯತಾ ಆಯೋಗ ಇದರ ಬಗ್ಗೆ ಎಚ್ಚರಿಕೆ ಕೊಟ್ಟು, ವಾರ್ಡಿನ ಕಪಾಟಿನಿಂದ ಅದನ್ನು ತೆಗೆಸಿ ಎಂದಿತು.

ಇಷ್ಟೆಲ್ಲ ಆಗಿ ಕೊನೆಗೆ ಉಳಿಯುವುದು ಮಂಚದ ಕಾಲಬದಿಯ ಚಾರ್ಟ್. ಒಂದು ಕಡೆ ಡ್ರಿಪ್, ಕುಡಿದ ನೀರು. ಇನ್ನೊಂದು ಕಡೆ ಮೂತ್ರ, ಡ್ರೈನ್ (ಆಪರೇಷನ್ ಆದ ಜಾಗದಿಂದ ರಸ ಹೊರಬಿಡುವ ನಳಿಕೆ), ವಾಂತಿ, ಮೂಗಿನ ನಳಿಕೆ. ಬೆವರು, ಉಸಿರು ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೇ ದಿನವೂ ತೂಕ. ಒಂದು ರಾತ್ರಿಯಲ್ಲಿ ಒಂದು ಕಿಲೋ ಏರಿದರೆ ಅದು ಕೊಬ್ಬಲ್ಲ, ಒಂದು ಲೀಟರ್ ನೀರು.

70 ಕಿಲೋ ತೂಕದ ರೋಗಿಗೆ ಗಂಟೆಗೆ 35 ಮಿಲಿ ಮೂತ್ರವಾದರೂ ಬರಬೇಕು ಅನ್ನುವುದು ವಾರ್ಡಿನ ಲೆಕ್ಕ. ರಾತ್ರಿ ಎರಡಕ್ಕೆ ನೋಡಿದರೆ ಚೀಲಕ್ಕೆ ಬಿದ್ದಿರುವುದು 20. ಪಳಗಿದ ಸಿಸ್ಟರ್ ತಕ್ಷಣ ಫೋನ್ ಎತ್ತುವುದಿಲ್ಲ. ಮೊದಲು ಹೊದಿಕೆ ಸರಿಸಿ, ಮೂತ್ರದ ನಳಿಕೆ ತೊಡೆಯ ಕೆಳಗೆ ಮಡಚಿಕೊಂಡಿದೆಯಾ ನೋಡುತ್ತಾರೆ. ಇಲ್ಲ ಅಂದರೆ ಡ್ರೈನ್, ಬ್ಯಾಂಡೇಜು, ನಾಡಿ, ಬಿಪಿ. ಹಿಂದಿನ ಮೂರು ಗಂಟೆಯ ಅಂಕಿಗಳ ಮೇಲೆ ಒಂದು ಸಲ ಬೆರಳಾಡಿಸಿ, ಆಮೇಲೆ ಡಾಕ್ಟರಿಗೆ ಫೋನ್.