ಬೊಜ್ಜಿನ ಶಸ್ತ್ರಚಿಕಿತ್ಸೆ: ವಿಮೆಯ ಒಪ್ಪಿಗೆಗೆ ಹಳೆಯ ಚೀಟಿಗಳೇ ಆಧಾರ

"ನೀವು ಆಪರೇಷನ್ ಬೇಕೇ ಬೇಕು ಅಂತೀರಿ, ಇನ್ಶೂರೆನ್ಸ್‌ನವರು ಆಗಲ್ಲ ಅಂತಾರೆ, ನಾನು ಯಾರ ಮಾತು ನಂಬಲಿ ಡಾಕ್ಟ್ರೇ?" ಎಂದು ಮಂಡ್ಯ ಕಡೆಯ ಶಿಕ್ಷಕಿಯೊಬ್ಬರು ತಿರಸ್ಕಾರ ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದ್ದರು. ತೂಕ ಇಳಿಸಲು ಜಠರವನ್ನು ಕಿರಿದಾಗಿಸುವಂಥ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಬಹಳ ಮಂದಿ ಇದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ವೈದ್ಯರ ಅಳತೆಗೋಲು ಬೇರೆ, ವಿಮೆಯ ಅಳತೆಗೋಲು ಬೇರೆ ಎಂಬುದನ್ನು ಯಾರೂ ಅವರಿಗೆ ಮೊದಲೇ ಹೇಳಿರುವುದಿಲ್ಲ.

ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ರೂಪಿಸಿದ ಪ್ರಮಾಣಿತ ಷರತ್ತು ಇಂದಿಗೂ ಬಹುಪಾಲು ಪಾಲಿಸಿಗಳಲ್ಲಿದೆ. ಅದರ ಪ್ರಕಾರ ಶಸ್ತ್ರಚಿಕಿತ್ಸೆಯನ್ನು ವೈದ್ಯರೇ ಸೂಚಿಸಿರಬೇಕು, ಅದು ವೈದ್ಯಕೀಯ ಕ್ರಮಕ್ಕೆ ಅನುಗುಣವಾಗಿರಬೇಕು, ರೋಗಿಗೆ 18 ವರ್ಷ ತುಂಬಿರಬೇಕು, ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಬಿಎಂಐ 35ರಿಂದ 40ರೊಳಗಿದ್ದರೆ ಸರಳ ವಿಧಾನಗಳಿಂದ ತೂಕ ಇಳಿಸುವ ಪ್ರಯತ್ನ ವಿಫಲವಾಗಿರಬೇಕು. ಜೊತೆಗೆ ಬೊಜ್ಜಿನಿಂದಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳಗಳ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ), ಹತೋಟಿಗೆ ಬಾರದ ಟೈಪ್-2 ಸಕ್ಕರೆ ಕಾಯಿಲೆ, ಈ ನಾಲ್ಕರಲ್ಲಿ ಒಂದಾದರೂ ಇರಬೇಕು. ಮಂಡಿನೋವು, ಫ್ಯಾಟಿ ಲಿವರ್, ರಕ್ತದೊತ್ತಡ, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಎಷ್ಟೇ ಕಾಡಿಸಿದರೂ ಈ ಪಟ್ಟಿಯಲ್ಲಿ ಅವಕ್ಕೆ ಜಾಗವಿಲ್ಲ.

ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗಿ ಸಕ್ಕರೆ ಕಾಯಿಲೆ ಬೇಗ ಬರುವುದರಿಂದ, ನಮ್ಮ ದೇಶದ ಶಸ್ತ್ರವೈದ್ಯರು ಬಹುಕಾಲ ಬಿಎಂಐ 37.5 ಅನ್ನೂ, ಜೊತೆಗೆ ಬೇರೆ ಕಾಯಿಲೆಗಳಿದ್ದರೆ 32.5 ಅನ್ನೂ ಮಿತಿಯಾಗಿ ಅನುಸರಿಸಿಕೊಂಡು ಬಂದಿದ್ದೇವೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೂ ಏಷ್ಯಾದ ಜನರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎನ್ನುತ್ತದೆ. ಹೀಗಾಗಿ ಬಿಎಂಐ 33 ಇರುವ ಮಧುಮೇಹಿಗೆ ನಾನು ಶಸ್ತ್ರಚಿಕಿತ್ಸೆ ಬೇಕು ಎಂದರೆ ಅದು ವೈದ್ಯಕೀಯವಾಗಿ ಸರಿ. ವಿಮೆಯವರು ಆಗದು ಎಂದರೆ ಅದು ಪಾಲಿಸಿಯ ಪ್ರಕಾರ ಸರಿ. ಈ ಅಂತರ ನ್ಯಾಯವಾದುದಲ್ಲ, ಷರತ್ತು ಬದಲಾಗಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಬದಲಾಗುವವರೆಗೆ ರೋಗಿಗೆ ಸುಳ್ಳು ಭರವಸೆ ಕೊಡುವುದು ತಪ್ಪು.

ಆ ಶಿಕ್ಷಕಿಯ ವಿಷಯಕ್ಕೆ ಬರುತ್ತೇನೆ. ಅವರ ತೂಕ 92 ಕೆಜಿ. ಮೊದಲು ತೋರಿಸಿದ್ದ ಕಡೆ ಎತ್ತರ 163 ಸೆಂಟಿಮೀಟರ್ ಎಂದು ಬರೆದಿದ್ದರು, ಬಿಎಂಐ 34.6 ಬಂದಿತ್ತು, ಅರ್ಜಿ ಅಲ್ಲಿಗೇ ನಿಂತಿತ್ತು. ಅಳೆದವರು ಯಾರು ಎಂದು ಕೇಳಿದೆ. ಯಾರೂ ಅಳೆದಿರಲಿಲ್ಲ, ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡಿದ್ದರು. ಚಪ್ಪಲಿ ಬಿಚ್ಚಿಸಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ, ತುರುಬು ಸಡಿಲಿಸಿ ಅಳೆದಾಗ ಎತ್ತರ 161 ಇತ್ತು. ಬಿಎಂಐ 35.5 ಆಯಿತು. ಎರಡು ಸೆಂಟಿಮೀಟರಿನಲ್ಲಿ ಒಂದು ಅರ್ಜಿ ಬಾಗಿಲಿನಾಚೆ ಉಳಿದಿತ್ತು. ಸಂಖ್ಯೆಯನ್ನು ತಿದ್ದಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ, ಅದು ಅಪರಾಧ. ಸರಿಯಾಗಿ ಅಳೆಯಿಸಿ, ದಿನಾಂಕ ಹಾಕಿಸಿ, ವೈದ್ಯರ ಸಹಿ ಪಡೆಯಿರಿ ಎಂದಷ್ಟೇ ನನ್ನ ಕೋರಿಕೆ.

ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು. ಇಲ್ಲಿ ಇನ್ನೊಂದು ತೊಡಕಿದೆ. ಅರಿವಳಿಕೆ ಸುರಕ್ಷಿತವಾಗಿರಲೆಂದು ಶಸ್ತ್ರಚಿಕಿತ್ಸೆಗೆ ಮುನ್ನ ಔಷಧ ಹೆಚ್ಚಿಸಿ ಸಕ್ಕರೆಯನ್ನು ಇಳಿಸುತ್ತೇವೆ; ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಆ ಹೊಸ ಎಚ್‌ಬಿಎ1ಸಿ ವರದಿಯೊಂದನ್ನೇ ಲಗತ್ತಿಸಿದರೆ ಕಾಯಿಲೆ ಹತೋಟಿಯಲ್ಲಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಆದ್ದರಿಂದ ಹಿಂದಿನ ಒಂದೆರಡು ವರ್ಷಗಳ ವರದಿಗಳನ್ನೂ, ಮಾತ್ರೆ ಅಥವಾ ಇನ್ಸುಲಿನ್ ಯಾವಾಗ ಎಷ್ಟು ಹೆಚ್ಚಿತು ಎಂಬುದನ್ನು ತೋರಿಸುವ ಚೀಟಿಗಳನ್ನೂ ಒಟ್ಟಿಗೆ ಇಡಬೇಕು. ಸ್ಲೀಪ್ ಆಪ್ನಿಯಾ ಇದ್ದರೆ ಗೊರಕೆಯ ವಿವರ ಸಾಲದು. ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ 30 ಬಾರಿಯಾದರೂ ಉಸಿರಿಗೆ ಅಡ್ಡಿಯಾದದ್ದು ದಾಖಲಾದರೆ ಮಾತ್ರ ಅದನ್ನು ತೀವ್ರ ಎನ್ನುತ್ತಾರೆ.

"ಪ್ರಯತ್ನ ವಿಫಲವಾಗಿರಬೇಕು" ಎಂಬ ಮಾತಿಗೆ ಪ್ರಮಾಣಿತ ಷರತ್ತು ಇಂತಿಷ್ಟು ತಿಂಗಳೆಂದು ಹೇಳಿಲ್ಲ. ಅದಕ್ಕೇ ಪ್ರಶ್ನೆಗಳು ಹೆಚ್ಚಾಗಿ ಬರುವುದು ಇಲ್ಲಿ. ರಾತ್ರಿ ಅನ್ನ ಬಿಟ್ಟು ಚಪಾತಿ ತಿಂದವರು, ಬೆಳಗಿನ ಜಾವ ಕೆರೆ ಏರಿಯ ಮೇಲೆ ನಡೆದವರು, ಎಂಟು ಕೆಜಿ ಇಳಿಸಿ ಮತ್ತೆ ಹತ್ತು ಕೆಜಿ ಏರಿದವರು ನನ್ನೆದುರು ಕಣ್ಣೀರು ಹಾಕಿದ್ದಾರೆ. ಅಷ್ಟು ಶ್ರಮದ ಒಂದು ಸಾಲೂ ಯಾವ ಕಾಗದದಲ್ಲೂ ಇರುವುದಿಲ್ಲ. ಶಸ್ತ್ರಚಿಕಿತ್ಸೆಯ ಯೋಚನೆ ಬಂದ ದಿನದಿಂದಲೇ ತಿಂಗಳಿಗೊಮ್ಮೆ ಆಹಾರ ತಜ್ಞರನ್ನೋ ವೈದ್ಯರನ್ನೋ ಕಂಡು, ಅಂದಿನ ತೂಕವನ್ನೂ ಪಾಲಿಸಿದ ಪಥ್ಯವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ.

ಅನೇಕ ಪಾಲಿಸಿಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಎರಡು ಮೂರು ವರ್ಷಗಳ ಕಾಯುವ ಅವಧಿ ಇರುತ್ತದೆ, ಅದನ್ನು ಮೊದಲೇ ನೋಡಿಕೊಳ್ಳಿ. ಪಾಲಿಸಿ ಕೊಳ್ಳುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದರೆ ಆ ಮರೆಮಾಚುವಿಕೆಯೇ ತಿರಸ್ಕಾರಕ್ಕೆ ಕಾರಣವಾಗಬಹುದು.

ಶಸ್ತ್ರಚಿಕಿತ್ಸೆಗೆ ಮುನ್ನ ಯಕೃತ್ತು ಕುಗ್ಗಲೆಂದು ಸುಮಾರು ಎರಡು ವಾರ ಕಡಿಮೆ ಕ್ಯಾಲರಿಯ ಆಹಾರ ಕೊಡುತ್ತೇವೆ. ಆಗ ತೂಕ ಇಳಿದು, ದಾಖಲಾಗುವ ದಿನ ಬಿಎಂಐ 35ಕ್ಕಿಂತ ಕೆಳಗೆ ಹೋಗಬಹುದು. ಹಾಗಾಗಿ ಪಥ್ಯಕ್ಕೆ ಮುಂಚಿನ ತೂಕವನ್ನೂ, ಈ ಇಳಿಕೆ ಚಿಕಿತ್ಸೆಯ ಭಾಗವೆಂಬುದನ್ನೂ ಪೂರ್ವಾನುಮತಿಯ ಅರ್ಜಿಯಲ್ಲೇ ನಾನು ಬರೆಯುತ್ತೇನೆ. ನಿಮ್ಮ ವೈದ್ಯರಿಂದಲೂ ಬರೆಸಿ.

ತಿರಸ್ಕಾರವಾದರೆ ಯಾವ ಷರತ್ತಿನಡಿ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಬೇಕು. ಅಲ್ಲಿ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಆ ಶಿಕ್ಷಕಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಹೊಸ ಅಳತೆ, ಮೂರು ಹಳೆಯ ಎಚ್‌ಬಿಎ1ಸಿ ವರದಿಗಳು, ಆಹಾರ ತಜ್ಞರ ಐದು ಚೀಟಿಗಳನ್ನು ಸೇರಿಸಿ ಮತ್ತೆ ಕಳಿಸಿದೆವು. ಎರಡು ಬಾರಿ ಪ್ರಶ್ನೆ ಬಂದು, ಉತ್ತರ ಹೋಗಿ, ಮೂರನೆಯ ಬಾರಿ ಒಪ್ಪಿಗೆ ಪತ್ರ ಬಂತು.