ಕತ್ತಲಲ್ಲಿ ಕುಣಿಯುವ ಚುಕ್ಕೆಗಳು

ಮೊನ್ನೆ ರಾತ್ರಿ ಒಂದು ದೆವ್ವದ ಸಿನಿಮಾ ನೋಡಿದೆ. ಪಾಳು ಮನೆಗೆ ಹೋದ ಹುಡುಗರು ಕಾಣೆಯಾಗುತ್ತಾರೆ, ಅವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೇ ಇಡೀ ಸಿನಿಮಾ. ಕಡಿಮೆ ದುಡ್ಡಿನಲ್ಲಿ ತೆಗೆದದ್ದು. ಅದೇನೂ ತಪ್ಪಲ್ಲ. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯ ಚಿತ್ರೀಕರಣಕ್ಕೆ ತಗುಲಿದ್ದು ಸುಮಾರು 15,000 ಡಾಲರ್ ಅಷ್ಟೇ.

ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಒಂದು ಕಡೆ ಕ್ಯಾಮೆರಾ ಮೆಟ್ಟಿಲ ಕೆಳಗಿನ ಕತ್ತಲನ್ನೇ ದಿಟ್ಟಿಸುತ್ತದೆ. ತೆರೆ ತುಂಬ ಬೂದು ಚುಕ್ಕೆಗಳು ಕುಣಿಯುತ್ತವೆ. ಯಾರೋ ಕೂತಿದ್ದಾರೆ ಅನಿಸಿ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಢಮ್ ಅಂತ ಸದ್ದು, ಬಿಳಿ ಬಣ್ಣ ಬಳಿದ ಮುಖ! ಬೆಚ್ಚಿಬಿದ್ದೆ ನಿಜ, ಆದರೆ ಭಯ ಅಲ್ಲಿಗೇ ಇಳಿದುಹೋಯಿತು. ಆ ಚುಕ್ಕೆಗಳನ್ನು ಸುಮ್ನೆ ಬಿಟ್ಟಿದ್ದರೆ ಸಾಕಿತ್ತು.

ಅವು ಬರುವುದು ಎಲ್ಲಿಂದ ಗೊತ್ತಾ? ಬೆಳಕಿನಿಂದಲೇ. ಬೆಳಕು ಫೋಟಾನ್ ಅನ್ನುವ ಕಣಗಳಾಗಿ, ಹನಿಹನಿಯಾಗಿ ಬೀಳುತ್ತದೆ. ಬಯಲಲ್ಲಿ ನೂರು ಲೋಟ ಇಟ್ಟಿದ್ದೀರಿ ಅಂದುಕೊಳ್ಳಿ. ಜಡಿಮಳೆ ಬಂದರೆ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಟ್ಟ. ತುಂತುರು ಬಂದರೆ ಒಂದಕ್ಕೆ ಏಳು ಹನಿ, ಪಕ್ಕದ್ದಕ್ಕೆ ಎರಡು, ಇನ್ನೊಂದು ಖಾಲಿ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪುಟ್ಟ ಪುಟ್ಟ ಚೌಕಗಳು, ಅಂದರೆ ಪಿಕ್ಸೆಲ್‌ಗಳೂ ಹಾಗೇ. ಸರಾಸರಿ 10,000 ಫೋಟಾನ್ ಬೀಳುವಲ್ಲಿ ಏರಿಳಿತ ಸುಮಾರು 100, ಅಂದರೆ ಶೇ. 1. ಬರೀ 4 ಬೀಳುವಲ್ಲಿ ಏರಿಳಿತ 2, ಅಂದರೆ ಅರ್ಧಕ್ಕರ್ಧ! ನಾಲ್ಕೇ ಜನರನ್ನು ಕೇಳಿ ಊರಿನ ಅಭಿಪ್ರಾಯ ಹೇಳಿದ ಹಾಗೆ. ಸಾಲದ್ದಕ್ಕೆ ಕ್ಯಾಮೆರಾ ಆ ಸಣ್ಣ ಸಂಕೇತವನ್ನು ಹಿಗ್ಗಿಸುತ್ತದೆ. ದೂರದ ರೇಡಿಯೊ ಸ್ಟೇಷನ್ನಿಗೆ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗೊರಗೊರವೂ ಜಾಸ್ತಿಯಾಗುತ್ತದಲ್ವಾ, ಹಾಗೆ. ಉಳಿದದ್ದು ಮಿದುಳಿನ ಕೆಲಸ. ಎರಡು ಕಪ್ಪು ಚುಕ್ಕೆ, ಕೆಳಗೊಂದು ಗೀರು ಸಿಕ್ಕರೆ ಅದು ಮುಖ ಕಟ್ಟಿಬಿಡುತ್ತದೆ.

ಕ್ಯಾಮೆರಾದಲ್ಲಿ ಆತ್ಮ ಹುಡುಕುವುದು ಹಳೇ ಚಾಳಿ. 1860ರ ದಶಕದಲ್ಲೇ ಅಮೆರಿಕದ ವಿಲಿಯಂ ಮಮ್ಲರ್ ಸತ್ತವರ ನೆರಳು ಮೂಡಿದ ಫೋಟೊ ಮಾರುತ್ತಿದ್ದ. 1869ರಲ್ಲಿ ನ್ಯೂಯಾರ್ಕ್ ಕೋರ್ಟು ಅವನ ಮೇಲಿನ ಮೋಸದ ಆರೋಪವನ್ನು ವಿಚಾರಣೆ ಮಾಡಿತು. ಸಾಕ್ಷ್ಯ ಸಾಲದೆ ಬಿಟ್ಟೂಬಿಟ್ಟಿತು. ಇಂದು ಆ ಫೋಟೊಗಳ ಜಾಗದಲ್ಲಿ ಸಿಸಿಟಿವಿಯ ರಾತ್ರಿ ದೃಶ್ಯಗಳಲ್ಲಿ ತೇಲುವ ಬಿಳಿ ಗೋಲಗಳಿವೆ. ಅವನ್ನು ನೋಡಿ ತಮ್ಮ ಮನೆಯಲ್ಲೇ ನಿದ್ದೆಗೆಡುವವರಿದ್ದಾರೆ, ನನ್ನ ಸಂಕಟ ಅದು. ಅವು ಬಹುಪಾಲು ಬರೀ ದೂಳು. ಲೆನ್ಸಿನ ಪಕ್ಕದ ಇನ್‌ಫ್ರಾರೆಡ್ ದೀಪದ, ನಮ್ಮ ಕಣ್ಣಿಗೆ ಕಾಣದ ಬೆಳಕು ತೀರಾ ಹತ್ತಿರದ ಕಣಕ್ಕೆ ಬಡಿದು ವಾಪಸ್ ಬರುತ್ತದೆ. ಫೋಕಸ್ ಸಿಗದೆ ಕಣ ಉಬ್ಬಿ ಗೋಲದಂತೆ ಕಾಣುತ್ತದೆ.

ಈ ಸಿನಿಮಾದಲ್ಲೂ ಒಂದು ಗೋಲ ತೇಲಿ ಬಂತು. ಕುರ್ಚಿಯ ಹಿಂದೆ ಮರೆಯಾಗಿ ಆಚೆ ಬದಿಯಿಂದ ಹೊರಬಂತು. ಕಂಪ್ಯೂಟರಿನಲ್ಲಿ ಬಿಡಿಸಿದ್ದು ಅಂತ ಆಗಲೇ ಗೊತ್ತಾಯಿತು. ನಿಜವಾದ ದೂಳು ಇರುವುದು ಲೆನ್ಸಿನಿಂದ ಗೇಣುದೂರದೊಳಗೆ, ಅದು ಯಾವ ಕುರ್ಚಿಯ ಹಿಂದೆಯೂ ಹೋಗದು. ಬೇಕಿದ್ದರೆ ರಾತ್ರಿ ಕ್ಯಾಮೆರಾದ ಮುಂದೆ ಹಳೇ ಬಟ್ಟೆಯೊಂದನ್ನು ಕೊಡವಿ ನೋಡಿ.